ಒಂದು ಕೊಳವೆ, ಒಂದು ಕಿಲೋ ಕೊಳವೆ

ನಿಮ್ಮ ಕೈಗೆ ಒಂದೊಂದು ಹಾಳೆ ಕೊಟ್ಟಿದ್ದಾರೆ, ಅದನ್ನು ಎದುರಿಗೆ ಇಟ್ಟುಕೊಳ್ಳಿ. ಹಾಳೆ ತುಂಬ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳಿವೆ. ಪ್ರತಿ ಮೂಲೆಯಲ್ಲೂ ಒಂದು ಇಂಗಾಲದ ಪರಮಾಣು ಕೂತಿದೆ ಅಂದುಕೊಳ್ಳಿ. ಒಂದು ಪರಮಾಣುವಿನಿಂದ ಪಕ್ಕದ ಪರಮಾಣುವಿಗೆ ಇರುವ ದೂರ 0.142 ನ್ಯಾನೋಮೀಟರ್. ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ಇದೇ ಗ್ರಾಫೀನ್. ಇಂಥ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಗ್ರಾಫೈಟ್, ಅಂದರೆ ನಿಮ್ಮ ಪೆನ್ಸಿಲ್ ಕಡ್ಡಿ. ಇದೇ ಹಾಳೆ ಕೊಳವೆಯ ರೂಪದಲ್ಲಿದ್ದರೆ ಇಂಗಾಲದ ನ್ಯಾನೋಟ್ಯೂಬ್. ಇವತ್ತಿನ ಮಾತು ಅದರದ್ದೇ, ನಾನು ಬರೀ ಕೊಳವೆ ಅನ್ನುತ್ತೇನೆ.

ಪೆನ್ಸಿಲ್ ಯಾಕೆ ಬರೆಯುತ್ತದೆ? ಹಾಳೆಯ ಒಳಗಿನ ಹಿಡಿತ ಬಹಳ ಗಟ್ಟಿ, ಆದರೆ ಹಾಳೆಗೂ ಹಾಳೆಗೂ ನಡುವಿನ ಹಿಡಿತ ಬಹಳ ಸಡಿಲ. ಉಜ್ಜಿದರೆ ಸಾಕು, ಹಾಳೆಗಳು ಜಾರಿ ಕಾಗದಕ್ಕೆ ಅಂಟಿಕೊಳ್ಳುತ್ತವೆ. ಈ ಸಡಿಲ ಹಿಡಿತದ ವಿಷಯ ನೆನಪಿಟ್ಟುಕೊಳ್ಳಿ. ಇವತ್ತಿನ ಮಾತಿನ ಅರ್ಧ ಗೋಳು ಅಲ್ಲಿಂದಲೇ ಬರೋದು.

ಇಂಗಾಲಕ್ಕೆ ನಾಲ್ಕು ಕೈ ಅಂತ ಶಾಲೆಯಲ್ಲಿ ಓದಿದ್ದೀರಿ, ಅಲ್ವಾ? ವಜ್ರದಲ್ಲಿ ನಾಲ್ಕೂ ಕೈ ನಾಲ್ಕು ನೆರೆಯವರನ್ನು ಹಿಡಿದಿರುತ್ತವೆ. ಈ ಹಾಳೆಯಲ್ಲಿ ಹಾಗಲ್ಲ. ಮೂರು ಕೈ ಮೂವರು ನೆರೆಯವರಿಗೆ, ನಾಲ್ಕನೆಯ ಎಲೆಕ್ಟ್ರಾನು ಹಾಳೆಯ ಮೇಲೂ ಕೆಳಗೂ ಹರಡಿಕೊಂಡು ಎಲ್ಲರಿಗೂ ಸೇರಿದ್ದಾಗಿ ಓಡಾಡುತ್ತದೆ. ವಜ್ರದಲ್ಲಿ ಕರೆಂಟ್ ಹರಿಯೋದಿಲ್ಲ, ಗ್ರಾಫೈಟಿನಲ್ಲಿ ಹರಿಯುತ್ತದೆ. ವ್ಯತ್ಯಾಸ ಇಷ್ಟೇ.

ಈಗ ಹಾಳೆಯನ್ನು ಸುರುಳಿ ಸುತ್ತಿ. ಸುತ್ತಿ, ನಾಚಿಕೆ ಬೇಡ. ಅಂಚಿಗೆ ಅಂಚು ನೇರವಾಗಿ ಸೇರಿಸಿದವರು ಒಮ್ಮೆ ಕೂಡುವ ಜಾಗ ನೋಡಿ, ಮನೆಗಳು ಸರಿಯಾಗಿ ಕೂತಿವೆ. ಸ್ವಲ್ಪ ಓರೆಯಾಗಿ ಸುತ್ತಿದವರದ್ದೂ ಕೂತಿರಬಹುದು, ಆದರೆ ಸಾಲುಗಳು ಕೊಳವೆಯ ಸುತ್ತ ಬಳ್ಳಿಯ ಹಾಗೆ ಹತ್ತಿಕೊಂಡು ಹೋಗುತ್ತವೆ. ಇನ್ನು ಕೆಲವರದ್ದು ಕೂತಿಲ್ಲ, ಸೀರೆಯ ಅಂಚು ತಪ್ಪಿ ಹೊಲಿದ ಹಾಗಿದೆ. ಅಂಥದ್ದನ್ನು ಪ್ರಕೃತಿ ಒಪ್ಪೋದಿಲ್ಲ. ಮನೆಗೆ ಮನೆ ಕೂರಲೇಬೇಕು. ಕೂರುವ ಪ್ರತಿ ಬಗೆಗೂ ಎರಡು ಅಂಕಿಯ ಒಂದು ಹೆಸರಿದೆ: 10,10 ಅಂತ, 10,0 ಅಂತ, 6,5 ಅಂತ.

ಇಲ್ಲಿಂದ ಮುಂದಿನದ್ದು ನನಗೆ ಇವತ್ತಿಗೂ ಅಚ್ಚರಿ. ಆ ಎರಡು ಅಂಕಿಗಳಲ್ಲಿ ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಬಂದ ಉತ್ತರ ಮೂರರಿಂದ ಭಾಗ ಹೋದರೆ ಕೊಳವೆ ಲೋಹದ ಹಾಗೆ ನಡೆದುಕೊಳ್ಳುತ್ತದೆ. ಹೋಗದಿದ್ದರೆ ಅರೆವಾಹಕ, ಅಂದರೆ ಸಿಲಿಕಾನ್ ಇದ್ದ ಹಾಗೆ, ಕರೆಂಟನ್ನು ಬೇಕಾದಾಗ ಬಿಡಬಹುದು, ಬೇಡದಾಗ ತಡೆಯಬಹುದು. 10,10ರಲ್ಲಿ ಉತ್ತರ ಸೊನ್ನೆ, ಅದು ಲೋಹ. 10,0ರಲ್ಲಿ ಉತ್ತರ ಹತ್ತು, ಅದು ಅರೆವಾಹಕ. ಅದೇ ಇಂಗಾಲ, ಅದೇ ಜೇನುಗೂಡು, ಸುತ್ತಿದ ಓರೆ ಒಂಚೂರು ಬದಲಾಯಿತು, ಅಷ್ಟೇ. ರಸಾಯನಶಾಸ್ತ್ರದಲ್ಲಿ ಸಾಮಾನ್ಯವಾಗಿ ಗುಣ ಬದಲಾಗಬೇಕಾದರೆ ಪರಮಾಣು ಬದಲಾಗಬೇಕು, ಇಲ್ಲವೇ ಅವುಗಳ ಲೆಕ್ಕ ಬದಲಾಗಬೇಕು, ಇಲ್ಲವೇ ವಜ್ರ ಮತ್ತು ಗ್ರಾಫೈಟಿನ ಹಾಗೆ ಅವು ಒಂದನ್ನೊಂದು ಹಿಡಿಯುವ ರೀತಿ ಬದಲಾಗಬೇಕು. ಇಲ್ಲಿ ಬರೀ ಸುತ್ತುವ ಕೋನ. ಯಾವ ಆಯ್ಕೆಯೂ ಇಲ್ಲದೆ ಕೊಳವೆ ಬೆಳೆಸಿದರೆ ಸುಮಾರು ಮೂರರಲ್ಲಿ ಒಂದು ಲೋಹ, ಎರಡು ಅರೆವಾಹಕ ಬರುತ್ತವೆ.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನಿಜವಾದ ಕೊಳವೆಯನ್ನು ಯಾರೂ ಹಾಳೆ ಸುತ್ತಿ ಮಾಡೋದಿಲ್ಲ. ಸುತ್ತೋದು ಅರ್ಥ ಮಾಡಿಕೊಳ್ಳಲು. ಕೊಳವೆ ಹುಟ್ಟೋದೇ ಕೊಳವೆಯಾಗಿ. ತುದಿ ಮುಚ್ಚಬೇಕಾದರೆ ಆರು ಮೂಲೆಯ ಮನೆಗಳಷ್ಟೇ ಸಾಲದು, ಅವು ಚಪ್ಪಟೆಯಾಗೇ ಇರುತ್ತವೆ. ಪ್ರತಿ ತುದಿಗೂ ಐದು ಮೂಲೆಯ ಆರು ಮನೆ ಬೇಕು. ಫುಟ್‌ಬಾಲಿನ ಮೇಲೆ ಐದು ಮೂಲೆಯ ಹನ್ನೆರಡು ತುಂಡುಗಳಿರುತ್ತವಲ್ಲ, ಅದರಲ್ಲಿ ಅರ್ಧ ಅರ್ಧ ಎರಡು ಕಡೆಗೆ. ಹೀಗೆ ಬಗ್ಗಿದ ಜಾಗದಲ್ಲಿ ಬಂಧಗಳು ಬಿಗಿದುಕೊಂಡಿರುತ್ತವೆ, ಹಾಗಾಗಿ ಆಮ್ಲ ಮೊದಲು ಕಚ್ಚೋದು ತುದಿಯನ್ನೇ.

ಇದನ್ನು ಕಂಡವರು ಯಾರು? 1991ರಲ್ಲಿ ಜಪಾನಿನ ಸುಮಿಯೋ ಇಜಿಮಾ ಎನ್‌ಇಸಿ ಕಂಪನಿಯ ಪ್ರಯೋಗಾಲಯದಲ್ಲಿ ಎರಡು ಗ್ರಾಫೈಟ್ ಕಡ್ಡಿಗಳ ನಡುವೆ ಕಿಡಿ ಹಾರಿಸಿ, ಒಂದು ಕಡ್ಡಿಯ ಮೇಲೆ ಕೂತ ಕರಿಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಒಂದರೊಳಗೊಂದು ಕೂತ ಕೊಳವೆಗಳು. ಒಂದೇ ಪದರದ ಕೊಳವೆ ಸಿಕ್ಕಿದ್ದು 1993ರಲ್ಲಿ. ಇಜಿಮಾ ತಂಡ ಮತ್ತು ಅಮೆರಿಕದ ಐಬಿಎಂ ತಂಡ ಬೇರೆ ಬೇರೆಯಾಗಿ ಕಂಡುಕೊಂಡು ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ಆದರೆ 1952ರಲ್ಲೇ ಸೋವಿಯತ್ ವಿಜ್ಞಾನಿಗಳಾದ ರಾದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ ಇಂಗಾಲದ ಟೊಳ್ಳು ಎಳೆಗಳ ಚಿತ್ರ ಅಚ್ಚು ಹಾಕಿಸಿದ್ದರು. 1976ರಲ್ಲಿ ಮೊರಿನೊಬು ಎಂಡೊ ಕೂಡ ಫ್ರಾನ್ಸಿನಲ್ಲಿ ಸಹೋದ್ಯೋಗಿಗಳ ಜೊತೆ ಅಂಥದ್ದನ್ನು ತೋರಿಸಿದ್ದರು. ಇಜಿಮಾ ಅವರ ಕಾಲಕ್ಕೆ ಅದು ಏನು ಅಂತ ಕೇಳಲು ಜನ ತಯಾರಾಗಿದ್ದರು. ಇಂಗಾಲದ ಚೆಂಡು, 60 ಪರಮಾಣುಗಳ ಫುಲ್ಲರೀನ್, 1985ರಲ್ಲಿ ಸಿಕ್ಕಿತ್ತು. ಕಣ್ಣು ಪಳಗಿತ್ತು.

ಈಗ ಕೊಳವೆಯ ಗುಣಗಳಿಗೆ ಬರೋಣ. ಒಂದೇ ಪದರದ ಕೊಳವೆಯ ಅಡ್ಡಳತೆ ಸುಮಾರು ಒಂದು ನ್ಯಾನೋಮೀಟರ್. ನಿಮ್ಮ ತಲೆಗೂದಲು ಅದರ ಐವತ್ತು ಸಾವಿರ ಪಟ್ಟಿನಿಂದ ಒಂದು ಲಕ್ಷ ಪಟ್ಟು ದಪ್ಪ. ಮನೆ ಕಟ್ಟಿಸಿದವರಿಗೆ ಕಂಬಿಯ ಮೇಲಿನ 500 ಅನ್ನೋ ಗುರುತು ಗೊತ್ತಿರುತ್ತದೆ. 500 ಮೆಗಾಪಾಸ್ಕಲ್ ಎಳೆತದವರೆಗೆ ಕಂಬಿ ಹಿಗ್ಗಿ ಕೆಡೋದಿಲ್ಲ ಅಂತ ಅದರ ಅರ್ಥ. 2000ನೇ ಇಸವಿಯಲ್ಲಿ ರಾಡ್ನಿ ರೂಆಫ್ ಅವರ ತಂಡ ಹಲವು ಪದರದ ಕೊಳವೆಗಳನ್ನು ಒಂದೊಂದಾಗಿ ಹಿಡಿದು ಎಳೆಯಿತು. ಹೊರಗಿನ ಪದರ ಹರಿದಿದ್ದು 11ರಿಂದ 63 ಗಿಗಾಪಾಸ್ಕಲ್‌ನಲ್ಲಿ. ಒಂದು ಗಿಗಾ ಅಂದರೆ ಸಾವಿರ ಮೆಗಾ. ಕಂಬಿಯ ಇಪ್ಪತ್ತು ಪಟ್ಟಿನಿಂದ ಶುರುವಾಗಿ ನೂರು ಪಟ್ಟು ದಾಟುತ್ತದೆ, ತೂಕ ನೋಡಿದರೆ ಉಕ್ಕಿನ ಸುಮಾರು ಕಾಲು ಭಾಗ. ಶಾಖ ಸಾಗಿಸುವುದರಲ್ಲಿ ತಾಮ್ರಕ್ಕಿಂತ ಎಷ್ಟೋ ಮೇಲು. ಇನ್ನು ಮೈಯ ವಿಸ್ತಾರ. ಒಂದೇ ಪದರದ ಕೊಳವೆ ಒಂದು ಗ್ರಾಂ ಇದ್ದರೆ ಅದರ ಹೊರಮೈ ಲೆಕ್ಕದಲ್ಲಿ ಸುಮಾರು 1300 ಚದರ ಮೀಟರ್. ಬೆಂಗಳೂರಿನ ಭಾಷೆಯಲ್ಲಿ ಹೇಳಬೇಕಾದರೆ 30-40ರ ಹನ್ನೆರಡು ಸೈಟು, ಒಂದು ಗ್ರಾಂನಲ್ಲಿ.

ಇಷ್ಟು ಕೇಳಿದ ಮೇಲೆ ಎಲ್ಲರೂ ಕೇಳೋದು ಒಂದೇ: ಹಾಗಾದರೆ ಸೇತುವೆ ಯಾಕೆ ಕಟ್ಟಿಲ್ಲ? ಮೂವತ್ತು ವರ್ಷದ ಮೇಲಾಯಿತಲ್ಲ? ಈ ಪ್ರಶ್ನೆಗೆ ಉತ್ತರ ಹೇಳಲಿಕ್ಕೇ ನಾನು ಇವತ್ತು ಬಂದಿದ್ದು. ಮೇಲೆ ಹೇಳಿದ್ದೆಲ್ಲ ಒಂದು ಕೊಳವೆಯ ಗುಣ. ಒಂದು ಕಿಲೋ ಕೊಳವೆಯ ಗುಣ ಬೇರೆ. ಆ ಎರಡರ ನಡುವಿನ ಕಂದಕ ತುಂಬೋದೇ ಈ ಕ್ಷೇತ್ರದ ರಸಾಯನಶಾಸ್ತ್ರ.

ನನ್ನ ಮೊದಲ ವರ್ಷದ ಒಂದು ಬೆಳಿಗ್ಗೆ ಹೇಳುತ್ತೇನೆ. ಚಿಕ್ಕ ಗಾಜಿನ ಬಾಟಲಿ, ಅದರಲ್ಲಿ ನೀರು, ಚಿಟಿಕೆಯಷ್ಟು ಕೊಳವೆಯ ಪುಡಿ. ಸೋನಿಕೇಟರ್ ಅಂತ ಒಂದು ಯಂತ್ರ ಇದೆ, ಶಬ್ದದ ಅಲೆಯಿಂದ ಅಲುಗಾಡಿಸಿ ಮುದ್ದೆ ಬಿಡಿಸೋದು. ಅರ್ಧ ಗಂಟೆ ಇಟ್ಟೆ. ತೆಗೆದಾಗ ಒಳ್ಳೆ ಕಪ್ಪು ಶಾಯಿಯ ಹಾಗಿತ್ತು. ಆಯ್ತು ಅಂತ ಖುಷಿಯಲ್ಲಿ ಟೀ ಕುಡಿಯಲು ಹೋದೆ. ವಾಪಸ್ ಬರುವಷ್ಟರಲ್ಲಿ ಬಾಟಲಿಯ ಮೇಲ್ಭಾಗ ತಿಳಿಯಾಗಿತ್ತು, ತಳದಲ್ಲಿ ಕಪ್ಪು ಹತ್ತಿಯ ಹಾಗೆ ಮುದ್ದೆ ಕೂತಿತ್ತು. ಕುಲುಕಿದೆ, ಮತ್ತೆ ಕೂತಿತು. ಪಕ್ಕದ ಮೇಜಿನ ಸೀನಿಯರ್ ಅಕ್ಕ ನೋಡಿ, “ನೀರಿಗೆ ಅದು ಬೇಡ, ಅದಕ್ಕೆ ನೀರು ಬೇಡ, ನಡುವೆ ಯಾರಾದರೂ ಬೇಕಪ್ಪ” ಅಂದರು.

ಪೆನ್ಸಿಲ್ಲಿನ ಸಡಿಲ ಹಿಡಿತ ಅಂದೆನಲ್ಲ, ಅದೇ ಇಲ್ಲಿ ಕೆಲಸ ಮಾಡಿದ್ದು. ಒಂದು ಜಾಗದಲ್ಲಿ ನೋಡಿದರೆ ಆ ಹಿಡಿತ ಏನೂ ಅಲ್ಲ. ಆದರೆ ಕೊಳವೆ ಉದ್ದ. ಎರಡು ಕೊಳವೆ ಪಕ್ಕ ಪಕ್ಕ ಮಲಗಿದರೆ ಉದ್ದಕ್ಕೂ ಸಾವಿರಾರು ಜಾಗದಲ್ಲಿ ಹಿಡಿತ, ಎಲ್ಲ ಸೇರಿದರೆ ಬಿಡಿಸಲಾಗದಷ್ಟು. ಹಾಗಾಗಿ ಅವು ಕಟ್ಟು ಕಟ್ಟಾಗಿ ಹಗ್ಗದ ಹಾಗೆ ಸೇರಿಕೊಳ್ಳುತ್ತವೆ. ವಿಪರ್ಯಾಸ ಏನೆಂದರೆ ಬಿಡಿಸಲಾಗದ ಈ ಹಗ್ಗವನ್ನು ಉದ್ದಕ್ಕೆ ಎಳೆದರೆ ಕೊಳವೆ ಹರಿಯೋದಿಲ್ಲ, ಒಂದರ ಮೇಲೊಂದು ಜಾರುತ್ತದೆ. 63 ಗಿಗಾಪಾಸ್ಕಲ್ ಅಲ್ಲೇ ಕಳೆದುಹೋಗುತ್ತದೆ. ಕೊಳವೆಗಳಿಂದ ನೂತ ನೂಲಿನ ಬಲ ಕೆಲವೇ ಗಿಗಾಪಾಸ್ಕಲ್.

ನಡುವೆ ಯಾರನ್ನು ತರೋದು? ಒಂದು ದಾರಿ ಸೋಪು. ಸೋಪಿನ ಅಣುವಿಗೆ ಎಣ್ಣೆಯ ಕಡೆ ವಾಲುವ ಬಾಲ, ನೀರಿನ ಕಡೆ ವಾಲುವ ತಲೆ. ಬಾಲ ಕೊಳವೆಯ ಮೈಗೆ ಅಂಟುತ್ತದೆ, ತಲೆ ನೀರಿನಲ್ಲಿ ನಿಲ್ಲುತ್ತದೆ, ಕೊಳವೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಶಾಂಪೂವಿನಲ್ಲಿ ನೊರೆಗೆ ಹಾಕುವಂಥ ಸಲ್ಫೇಟ್ ಇದಕ್ಕೆ ಸಾಕು. ಇದರಿಂದ ಕೊಳವೆಯ ಗೋಡೆಗೆ ಏನೂ ಆಗೋದಿಲ್ಲ, ಆದರೆ ಆಮೇಲೆ ಸೋಪು ತೊಳೆದು ತೆಗೆಯೋದು ದೊಡ್ಡ ಕೆಲಸ. ಡಿಎನ್‌ಎ ಎಳೆ ಕೂಡ ಕೊಳವೆಗೆ ಬಳ್ಳಿಯ ಹಾಗೆ ಸುತ್ತಿಕೊಂಡು ನೀರಿನಲ್ಲಿ ನಿಲ್ಲಿಸುತ್ತದೆ ಅಂತ 2003ರಲ್ಲಿ ಡ್ಯುಪಾಂಟ್ ಕಂಪನಿಯವರು ತೋರಿಸಿದರು.

ಎರಡನೇ ದಾರಿ ನೈಟ್ರಿಕ್ ಆಮ್ಲ. ಅದರಲ್ಲಿ ಕುದಿಸಿದರೆ ತುದಿ ತೆರೆದುಕೊಳ್ಳುತ್ತದೆ, ಗೋಡೆಯ ದೋಷವಿರುವ ಜಾಗಗಳಲ್ಲೂ ಆಮ್ಲ ಕಚ್ಚುತ್ತದೆ, ಅಲ್ಲೆಲ್ಲ ಕಾರ್ಬಾಕ್ಸಿಲಿಕ್ ಗುಂಪುಗಳು ಕೂರುತ್ತವೆ. ವಿನೆಗರಿನಲ್ಲಿ ಹುಳಿ ಕೊಡುವ ಗುಂಪು ಅದೇ. ನೀರಿಗೆ ಅದು ಇಷ್ಟ. ಮುಂದೆ ಆ ಗುಂಪಿಗೆ ಬೇಕಾದ್ದನ್ನು ಕಟ್ಟಬಹುದು, ಔಷಧಿಯನ್ನೋ ಪಾಲಿಮರನ್ನೋ. ಆದರೆ ಬೆಲೆ ತೆರಬೇಕು. ಗೋಡೆಯ ಒಂದು ಪರಮಾಣುವಿಗೆ ಹೊರಗಿನಿಂದ ಏನನ್ನಾದರೂ ಕಟ್ಟಿದಿರಿ ಅಂದರೆ ಅದು ನಾಲ್ಕನೇ ಕೈಯನ್ನು ಅದಕ್ಕೆ ಕೊಟ್ಟ ಹಾಗಾಯಿತು. ಎಲ್ಲರಿಗೂ ಸೇರಿದ್ದ ಎಲೆಕ್ಟ್ರಾನು ಅಲ್ಲಿ ಕಟ್ಟುಬಿತ್ತು. ಅಂಥ ಜಾಗ ಜಾಸ್ತಿಯಾದಷ್ಟೂ ಕರೆಂಟಿನ ದಾರಿ ಹಾಳಾಗುತ್ತದೆ, ಬಲವೂ ಕುಗ್ಗುತ್ತದೆ.

ಮೂರನೆಯದ್ದು ನನಗೆ ಬಹಳ ಇಷ್ಟವಾದದ್ದು. ಕ್ಲೋರೋಸಲ್ಫೋನಿಕ್ ಆಮ್ಲ ಅಂತ ಭಯಂಕರ ಆಮ್ಲ ಇದೆ. ಅದು ಕೊಳವೆಯ ಗೋಡೆ ಒಡೆಯೋದಿಲ್ಲ, ಮೈಮೇಲೆಲ್ಲ ಸ್ವಲ್ಪ ಧನ ವಿದ್ಯುತ್ ಹರಡುತ್ತದೆ ಅಷ್ಟೇ. ಎಲ್ಲ ಕೊಳವೆಗೂ ಒಂದೇ ಬಗೆಯ ವಿದ್ಯುತ್ ಬಂದ ಮೇಲೆ ಅವು ಪರಸ್ಪರ ತಳ್ಳಿಕೊಂಡು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಮತ್ತೆಯೊ ಪಾಸ್ಕ್ವಾಲಿ ಅವರ ತಂಡ ಈ ದ್ರಾವಣವನ್ನು ಸಣ್ಣ ತೂತುಗಳಿಂದ ಒತ್ತಿ ನೂಲು ತೆಗೆಯಿತು. ಹೊಲಿಗೆ ದಾರದಷ್ಟು ಮೆತ್ತಗೆ, ಕರೆಂಟ್ ಹರಿಯುತ್ತದೆ. ಬಲ್ಬಿಗೆ ತಂತಿಯಾಗಿಯೂ ಅದೇ, ಬಲ್ಬನ್ನು ನೇತುಹಾಕುವ ದಾರವೂ ಅದೇ.

ಕೊಳವೆ ಮಾಡೋದು ಹೇಗೆ ಅಂತ ಈಗ ಹೇಳಬೇಕು. ಇಂಗಾಲ ಇರುವ ಅನಿಲ, ಮೀಥೇನೋ ಅಸಿಟಿಲೀನೋ, 600ರಿಂದ 1000 ಡಿಗ್ರಿ ಬಿಸಿಯಲ್ಲಿ ಕಬ್ಬಿಣ, ಕೋಬಾಲ್ಟ್ ಅಥವಾ ನಿಕ್ಕಲ್ ಕಣಗಳ ಮೇಲೆ ಹಾಯಿಸುತ್ತಾರೆ. ಅನಿಲ ಒಡೆದು ಇಂಗಾಲ ಲೋಹದ ಕಣಕ್ಕೆ ಸೇರುತ್ತದೆ, ಕಣ ಹೊಟ್ಟೆ ತುಂಬಿದ ಮೇಲೆ ಇನ್ನೊಂದು ಕಡೆಯಿಂದ ಕೊಳವೆಯಾಗಿ ಹೊರಬರುತ್ತದೆ. ಶಾವಿಗೆ ಒರಳಿನ ತೂತು ಎಷ್ಟೋ ಶಾವಿಗೆ ಅಷ್ಟೇ ದಪ್ಪ ಅಲ್ವಾ, ಹಾಗೆಯೇ ಕಣ ಎಷ್ಟು ಚಿಕ್ಕದೋ ಕೊಳವೆಯೂ ಅಷ್ಟು ಸಣ್ಣದು. ಚೀನಾದ ಚಿಂಗ್‌ಹುವಾ ವಿಶ್ವವಿದ್ಯಾಲಯದವರು 2013ರಲ್ಲಿ ಅರ್ಧ ಮೀಟರಿಗಿಂತ ಉದ್ದದ ಕೊಳವೆ ಬೆಳೆಸಿದರು.

ಇಲ್ಲಿ ನಮ್ಮವರ ಕೆಲಸ ಹೇಳದೆ ಮುಂದೆ ಹೋಗೋದಿಲ್ಲ. ಬಸವನಗುಡಿಯಲ್ಲಿ ಹುಟ್ಟಿದ ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ಅವರು ಸಹೋದ್ಯೋಗಿಗಳ ಜೊತೆ 1997ರಲ್ಲಿ ಬೆಂಗಳೂರಿನಿಂದ ಒಂದು ದಾರಿ ತೋರಿಸಿದರು. ಫೆರೋಸೀನ್ ಅನ್ನೋ ಕಿತ್ತಳೆ ಬಣ್ಣದ ಪುಡಿ, ಮೂಸಿದರೆ ಕರ್ಪೂರದ ಹಾಗೆ ವಾಸನೆ. ಅದರ ಅಣುವಿನಲ್ಲಿ ನಡುವೆ ಕಬ್ಬಿಣ, ಎರಡು ಕಡೆ ಇಂಗಾಲದ ಉಂಗುರ. ಅಂದರೆ ಒರಳೂ ಅದರಲ್ಲೇ, ಹಿಟ್ಟೂ ಅದರಲ್ಲೇ. ಆವಿ ಮಾಡಿ ಕುಲುಮೆಗೆ ಬಿಟ್ಟರೆ ಬೇರೆ ಕಬ್ಬಿಣ ಬೇಡ. ಎಷ್ಟು ಸರಳ ನೋಡಿ. ಆಮೇಲೆ ಜಪಾನಿನ ಮೈಜೊ ವಿಶ್ವವಿದ್ಯಾಲಯದಲ್ಲಿ ಮುಕುಲ್ ಕುಮಾರ್ ಮತ್ತು ಯೋಶಿನೊರಿ ಆಂಡೊ ಫೆರೋಸೀನಿನ ಜೊತೆಗೆ ನಿಜವಾದ ಕರ್ಪೂರವನ್ನೇ ಹಾಕಿ ಕೊಳವೆ ಬೆಳೆಸಿದರು. ದೇವರಿಗೆ ಹಚ್ಚುವಾಗ ಹೊಗೆ ಕಪ್ಪಗೆ ಏಳುತ್ತದಲ್ಲ, ಅಷ್ಟು ಇಂಗಾಲ ಅದರಲ್ಲಿದೆ. ಹಾಗಂತ ಆರತಿ ತಟ್ಟೆಯ ಕರಿಯಲ್ಲಿ ನ್ಯಾನೋಟ್ಯೂಬ್ ಹುಡುಕಬೇಡಿ, ಬಿಸಿಯೂ ಕಬ್ಬಿಣವೂ ಲೆಕ್ಕವಾಗಿ ಇರಬೇಕು.

ಕಬ್ಬಿಣ ಮತ್ತು ಇಂಗಾಲ ಅಂದ ಮೇಲೆ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಡಮಾಸ್ಕಸ್ ಖಡ್ಗ ಕೇಳಿದ್ದೀರಿ. ಅದಕ್ಕೆ ಬೇಕಾದ ಉಕ್ಕಿನ ಗಟ್ಟಿ ಹೋಗುತ್ತಿದ್ದದ್ದು ದಕ್ಷಿಣ ಭಾರತದಿಂದ. ಇಂಗ್ಲಿಷಿನವರು ಅದನ್ನು ವೂಟ್ಸ್ ಅಂದರು. ನಮ್ಮ ‘ಉಕ್ಕು’ ಅವರ ಬಾಯಲ್ಲಿ ಹಾಗಾಯಿತು ಅನ್ನೋದು ಹೆಚ್ಚಿನವರು ಒಪ್ಪುವ ಮಾತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದದ್ದನ್ನು ಬರೆದಿಟ್ಟಿದ್ದಾನೆ. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಪೀಟರ್ ಪೌಫ್ಲರ್ ತಂಡ 17ನೇ ಶತಮಾನದ ಒಂದು ಖಡ್ಗದ ಚೂರನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಉಳಿದದ್ದನ್ನು ನೋಡಿತು. ಇಂಗಾಲದ ನ್ಯಾನೋಕೊಳವೆಗಳು ಕಂಡವು. ಖಡ್ಗದ ಹರಿತಕ್ಕೆ ಅವೇ ಕಾರಣ ಅಂತ ಇದರಿಂದ ಸಾಬೀತಾಗೋದಿಲ್ಲ, ನಾನು ಹಾಗೆ ಹೇಳುವುದೂ ಇಲ್ಲ. ಆ ಕಮ್ಮಾರರಿಗೆ ನ್ಯಾನೋ ಗೊತ್ತಿತ್ತು ಅನ್ನೋ ಮಾತೂ ಬೇಡ. ಅವರಿಗೆ ಯಾವ ಗಿಡ, ಎಷ್ಟು ಹೊತ್ತು, ಎಷ್ಟು ಕೆಂಪು ಅನ್ನೋದು ಗೊತ್ತಿತ್ತು. ಅದು ಸಣ್ಣ ವಿದ್ಯೆಯಲ್ಲ. ಆ ಕಸುಬಿನ ಮನೆಗಳ ಹೆಸರೂ ನಮಗೆ ಉಳಿದಿಲ್ಲ ಅನ್ನೋದು ನನಗೆ ನೋವು ಕೊಡುವ ವಿಷಯ.

ಬನ್ನಿ, ಉಪಯೋಗಕ್ಕೆ. ಇವತ್ತು ಕೊಳವೆ ಹೆಚ್ಚಾಗಿ ಹೋಗುವ ಜಾಗ ಸೇತುವೆಯಲ್ಲ, ಬ್ಯಾಟರಿ. ಲಿಥಿಯಂ ಬ್ಯಾಟರಿಯ ಧನ ತುದಿಯ ಪುಡಿಯಲ್ಲಿ ಕರೆಂಟ್ ಸರಿಯಾಗಿ ಹರಿಯೋದಿಲ್ಲ. ಹಾಗಾಗಿ ಅದಕ್ಕೆ ಇಂಗಾಲದ ಕರಿ ಬೆರೆಸುತ್ತಾರೆ. ಒಂದು ತಟ್ಟೆಯಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ಒಂದಕ್ಕೊಂದು ತಾಗುವ ಹಾಗೆ ರಾಗಿ ಕಾಳು ಹರಡಿ ನೋಡಿ, ಎಷ್ಟು ಬೇಕಾಗುತ್ತದೆ. ಅದೇ ಒಣ ಶಾವಿಗೆ ಆದರೆ ಒಂದು ಹಿಡಿ ಚೆಲ್ಲಿದರೆ ಸಾಕು, ಎಳೆಗೆ ಎಳೆ ತಾಗಿ ದಾರಿಯಾಗಿಬಿಡುತ್ತದೆ. ಕರಿ ರಾಗಿಯ ಹಾಗೆ, ಕೊಳವೆ ಶಾವಿಗೆಯ ಹಾಗೆ. ಕರಿ ಕಡಿಮೆಯಾದರೆ ಅಷ್ಟು ಜಾಗ ಲಿಥಿಯಂ ಹಿಡಿಯುವ ಪುಡಿಗೆ ಉಳಿಯಿತು. ಋಣ ತುದಿಗೆ ಸಿಲಿಕಾನ್ ಹಾಕುವಲ್ಲಿ ಇನ್ನೂ ಜಾಸ್ತಿ ಉಪಯೋಗ. ಸಿಲಿಕಾನ್ ಲಿಥಿಯಂ ಕುಡಿದು ಮೂರು ಪಟ್ಟಿಗೂ ಮೀರಿ ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ, ಬಿರುಕು ಬಿಟ್ಟು ಸಂಪರ್ಕ ತಪ್ಪುತ್ತದೆ. ಉದ್ದನೆಯ ಕೊಳವೆಗಳು ಬಿರುಕಿನ ಎರಡು ದಡವನ್ನೂ ಹಿಡಿದಿರುತ್ತವೆ. ಗಮನಿಸಿ, ಈ ಕೆಲಸಕ್ಕೆ ಲೋಹದ್ದು ಅರೆವಾಹಕದ್ದು ಅಂತ ಬೇರೆ ಮಾಡಬೇಕಿಲ್ಲ, ಎಲ್ಲ ಕಟ್ಟನ್ನೂ ಬಿಡಿಸಬೇಕಿಲ್ಲ. ಒಂದು ಕಿಲೋ ಕೊಳವೆ ಹೇಗಿದೆಯೋ ಹಾಗೆಯೇ ಕೆಲಸಕ್ಕೆ ಬರುತ್ತದೆ. ಅದಕ್ಕೇ ಇದು ಮೊದಲು ಗೆದ್ದಿತು. ಕಾರಿನ ಪೆಟ್ರೋಲ್ ಪೈಪಿನ ಪ್ಲಾಸ್ಟಿಕ್ಕಿಗೆ ಕೊಳವೆ ಬೆರೆಸೋದೂ ಇದೇ ಲೆಕ್ಕ. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ ಕಿಡಿಯಾಗದೆ ಹರಿದುಹೋಗಬೇಕು.

ಕಂಪ್ಯೂಟರಿನ ಕಥೆ ಉಲ್ಟಾ. ಅಲ್ಲಿ ಅರೆವಾಹಕ ಕೊಳವೆಯೇ ಬೇಕು. ನಡುವೆ ಒಂದು ಲೋಹದ್ದು ಸೇರಿದರೆ ಸ್ವಿಚ್ ಆಫ್ ಆಗೋದೇ ಇಲ್ಲ. 2013ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 178 ಟ್ರಾನ್ಸಿಸ್ಟರುಗಳ, ಅಂದರೆ ಪುಟ್ಟ ಸ್ವಿಚ್ಚುಗಳ, ಕೊಳವೆ ಕಂಪ್ಯೂಟರ್ ಮಾಡಿದರು. 2019ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮ್ಯಾಕ್ಸ್ ಶುಲಾಕರ್ ತಂಡ 14,000ಕ್ಕೂ ಹೆಚ್ಚು ಟ್ರಾನ್ಸಿಸ್ಟರುಗಳ ಪ್ರೊಸೆಸರ್ ಮಾಡಿತು. ಅವರ ಜಾಣತನ ಎಲ್ಲಿತ್ತು ಅಂದರೆ, ಶುದ್ಧತೆ 99.999999 ಶೇಕಡ ಬೇಕು ಅಂತಿದ್ದದ್ದನ್ನು ಸರ್ಕ್ಯೂಟಿನ ವಿನ್ಯಾಸದಿಂದಲೇ 99.99ಕ್ಕೆ ಇಳಿಸಿದರು. ಲೋಹದ ಕೊಳವೆ ಬಂದರೂ ತೊಂದರೆ ಕಡಿಮೆಯಾಗುವ ಗೇಟುಗಳನ್ನು, ಅಂದರೆ ಕೆಲವು ಸ್ವಿಚ್ಚುಗಳ ಜೋಡಣೆಗಳನ್ನು, ಆರಿಸಿ ಜೋಡಿಸಿದರು. ಬೇರ್ಪಡಿಸುವ ಕೆಲಸ ರಸಾಯನಶಾಸ್ತ್ರದಿಂದ ಪೂರ್ತಿ ಆಗದಿದ್ದಾಗ ಉಳಿದದ್ದನ್ನು ಎಂಜಿನಿಯರುಗಳು ಹೊತ್ತರು.

ಸಾಲಾಗಿ ನಿಂತ ಕೊಳವೆಗಳ ಕಾಡು ಬೆಳಕನ್ನು ಹಾಗೇ ನುಂಗುತ್ತದೆ. 2014ರಲ್ಲಿ ಬಂದ ವ್ಯಾಂಟಾಬ್ಲ್ಯಾಕ್ ಅನ್ನೋ ಇಂಥ ಕಪ್ಪು ಲೇಪನ 99.965 ಶೇಕಡ ಬೆಳಕು ಹೀರುತ್ತಿತ್ತು. ಬೆಳಕು ಒಳಗೆ ಹೋಗಿ ಕೊಳವೆಯಿಂದ ಕೊಳವೆಗೆ ಬಡಿದು ಅಲ್ಲೇ ಶಾಖವಾಗಿಬಿಡುತ್ತದೆ. ದೂರದರ್ಶಕದ ಒಳಗೆ ಬೇಡದ ಬೆಳಕು ತಡೆಯಲು ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಅಜಯ್ ಸೂದ್ ತಂಡ 2003ರಲ್ಲಿ ಕೊಳವೆಗಳ ಕಟ್ಟಿನ ಮೇಲೆ ದ್ರವ ಹರಿಸಿದರೆ ವೋಲ್ಟೇಜ್ ಹುಟ್ಟುತ್ತದೆ ಅಂತ ತೋರಿಸಿತು. ಮಿಲಿವೋಲ್ಟಿನ ಮಾತು, ಮನೆಗೆ ಕರೆಂಟ್ ಬರೋದಿಲ್ಲ. ಆದರೆ ಬಹಳ ನಿಧಾನದ ಹರಿವನ್ನೂ ಅಳೆಯಬಹುದು. ಕೊಳವೆಯ ಹಗ್ಗದಿಂದ ಆಕಾಶಕ್ಕೆ ಲಿಫ್ಟ್ ಕಟ್ಟಬಹುದಾ ಅಂತ ಚೀಟಿಯಲ್ಲಿ ಬರೆದು ಕೇಳಿದವರಿಗೆ: ನೂಲು ಕೆಲವೇ ಗಿಗಾಪಾಸ್ಕಲ್ ಇರುವವರೆಗೆ ಅದು ಆಗದ ಮಾತು.

ಇನ್ನು ಕೊನೆಯ ವಿಷಯ, ಇದನ್ನು ಅವಸರದಲ್ಲಿ ಹೇಳೋದಿಲ್ಲ. ಕೊಳವೆ ಉದ್ದ, ಸಣ್ಣ, ಸುಲಭಕ್ಕೆ ಕೊಳೆಯದು. ಈ ಮೂರೂ ಗುಣ ಇನ್ನೊಂದಕ್ಕಿತ್ತು. ಆಸ್ಬೆಸ್ಟಾಸ್, ಉಸಿರಿನ ಜೊತೆ ಒಳಹೋದರೆ ಕ್ಯಾನ್ಸರ್ ತರುವ ಖನಿಜದ ಎಳೆ. 2008ರಲ್ಲಿ ಎಡಿನ್‌ಬರಾದ ತಂಡ ಉದ್ದನೆಯ ಹಲವು ಪದರದ ಕೊಳವೆಗಳನ್ನು ಇಲಿಗಳ ಹೊಟ್ಟೆಯೊಳಗೆ ಇಟ್ಟು ನೋಡಿದಾಗ, ಒಳಪೊರೆಯಲ್ಲಿ ಉದ್ದನೆಯ ಆಸ್ಬೆಸ್ಟಾಸ್ ಎಳೆ ಎಬ್ಬಿಸುವಂಥದ್ದೇ ಉರಿಯೂತ ಕಂಡಿತು. ಗಿಡ್ಡ ಕೊಳವೆಗಳಿಂದ ಹಾಗಾಗಲಿಲ್ಲ. ಯಾಕೆಂದರೆ ಕಸ ನುಂಗುವ ಜೀವಕೋಶಕ್ಕೆ ತನಗಿಂತ ಉದ್ದದ ಎಳೆಯನ್ನು ನುಂಗಿ ಮುಗಿಸಲಾಗೋದಿಲ್ಲ, ಅರ್ಧ ನುಂಗಿ ಒದ್ದಾಡುತ್ತದೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದು ನಿರ್ದಿಷ್ಟ ಬಗೆಯ ಹಲವು ಪದರದ ಕೊಳವೆಯನ್ನು ಕ್ಯಾನ್ಸರ್ ತರಬಹುದಾದದ್ದು ಅಂತ ಗುರುತಿಸಿತು. ಉಳಿದವುಗಳ ಬಗ್ಗೆ ತೀರ್ಮಾನಿಸಲು ಸಾಕ್ಷ್ಯ ಸಾಲದು ಅಂದಿತು. ಅಮೆರಿಕದ ಕೆಲಸದ ಜಾಗದ ಸುರಕ್ಷತಾ ಸಂಸ್ಥೆ 2013ರಲ್ಲಿ ಸಲಹೆ ಮಾಡಿದ ಮಿತಿ ಒಂದು ಘನ ಮೀಟರ್ ಗಾಳಿಗೆ ಒಂದು ಮೈಕ್ರೋಗ್ರಾಂ. ಬ್ಯಾಟರಿಯ ಒಳಗೆ, ಪ್ಲಾಸ್ಟಿಕ್ಕಿನ ಒಳಗೆ ಸಿಕ್ಕಿಕೊಂಡ ಕೊಳವೆಯಿಂದ ಬಳಸುವವರಿಗೆ ಭಯಪಡುವಂಥದ್ದು ಕಾಣೋದಿಲ್ಲ. ಅಪಾಯ ಒಣ ಪುಡಿ ಚೀಲ ಬಿಚ್ಚುವವರಿಗೆ, ಕುಲುಮೆ ಕೆರೆದು ತೆಗೆಯುವವರಿಗೆ.

ಇದರಲ್ಲೂ ರಸಾಯನಶಾಸ್ತ್ರ ಒಂದು ದಾರಿ ಬಿಟ್ಟಿದೆ. ನಮ್ಮ ರಕ್ತದ ಬಿಳಿಕಣಗಳಲ್ಲಿ ಮಯಲೋಪೆರಾಕ್ಸಿಡೇಸ್ ಅನ್ನೋ ಕಿಣ್ವ ಇದೆ, ಅದು ಒಂದೇ ಪದರದ ಕೊಳವೆಯನ್ನು ನಿಧಾನವಾಗಿ ಕತ್ತರಿಸಬಲ್ಲದು ಅಂತ 2010ರಲ್ಲಿ ವ್ಯಾಲೇರಿಯನ್ ಕಾಗನ್ ಮತ್ತು ಜೊತೆಗಾರರು ತೋರಿಸಿದರು. ಅದು ಹಲ್ಲು ಹಾಕೋದು ಎಲ್ಲಿ ಗೊತ್ತಾ? ಗೋಡೆ ಈಗಾಗಲೇ ಕೆಟ್ಟಿರುವ ಜಾಗದಲ್ಲಿ, ಕಾರ್ಬಾಕ್ಸಿಲಿಕ್ ಗುಂಪು ಕೂತಲ್ಲಿ. ನೀರಿನಲ್ಲಿ ಬೆರೆಯಲಿ ಅಂತ ನೈಟ್ರಿಕ್ ಆಮ್ಲದಲ್ಲಿ ಕುದಿಸಿ ನಾವು ಮಾಡಿದ ಗಾಯ ಇದೆಯಲ್ಲ, ಅದೇ.

ಪ್ರಾಜೆಕ್ಟಿಗೆ ಅಂತ ನ್ಯಾನೋಟ್ಯೂಬ್ ತರಿಸುವ ವಿದ್ಯಾರ್ಥಿಗಳು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಮೇಷ್ಟ್ರು ಹೇಳಿದರು. ಲೇಬಲ್ ಮೇಲೆ ಶುದ್ಧತೆ ನೋಡುವ ಮೊದಲು ಉದ್ದ ನೋಡಿ. ಡಬ್ಬಿಯನ್ನು ಫ್ಯೂಮ್ ಹುಡ್, ಅಂದರೆ ಗಾಳಿಯನ್ನು ಹೊರಗೆಳೆಯುವ ಲ್ಯಾಬಿನ ಗೂಡಿನ, ಒಳಗೇ ತೆರೆಯಿರಿ, ಫ್ಯಾನ್ ಕೆಳಗೆ ಬೇಡವೇ ಬೇಡ. ತೂಕ ಮಾಡುವಾಗ ಪುಡಿ ಗ್ಲೌಸಿಗೆ ಹತ್ತಿಕೊಂಡು ಏಳುತ್ತದೆ, ಬಟ್ಟೆ ಮಾಸ್ಕ್ ಅದಕ್ಕೆ ಸಾಲದು, ಎನ್-95 ಹಾಕಿ. ತೂಕ ಆದ ತಕ್ಷಣ ಅಲ್ಲೇ ನೀರೋ ಆಲ್ಕೋಹಾಲೋ ಹನಿಸಿ ಒದ್ದೆ ಮಾಡಿ, ಆಮೇಲೆ ಬಾಟಲಿಯನ್ನು ಮೇಜಿಗೆ ತನ್ನಿ. ಚೆಲ್ಲಿದರೆ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಮೇಲೆ ಏನಿದೆ ಅಂತ ಬರೆಯಿರಿ. ಲ್ಯಾಬ್ ಗುಡಿಸಲು ಬರುವ ಅಮ್ಮನಿಗೂ ಆ ಕಪ್ಪು ಪುಡಿ ಏನು ಅಂತ ಅದೇ ದಿನ ಕನ್ನಡದಲ್ಲಿ ಹೇಳಿಬಿಡಿ.